ವೈಫೈ ಆಕ್ಸೆಸ್ ಪಾಯಿಂಟ್: ಸೆಟ್ಟಿಂಗ್‌ಗಳು ಮತ್ತು ಹೊಂದಿಸುವ ಕ್ರಮ

ತಂತಿಯ ಜಾಲಕ್ಕೂ ತಂತಿಯಿಲ್ಲದ ಸಾಧನಗಳಿಗೂ ನಡುವೆ ನಿಂತು, ರೇಡಿಯೊ ಅಲೆಗಳ ಮೂಲಕ ದತ್ತಾಂಶವನ್ನು ಆಚೀಚೆ ದಾಟಿಸುವ ಉಪಕರಣ ಆಕ್ಸೆಸ್ ಪಾಯಿಂಟ್. ಮೊಬೈಲ್, ಲ್ಯಾಪ್‌ಟಾಪ್, ಟಿವಿ, ಸಿಸಿ ಕ್ಯಾಮೆರಾಗಳು ವೈಫೈ ಮೂಲಕ ಇದನ್ನು ಸೇರುತ್ತವೆ. ಇದು ಈಥರ್ನೆಟ್ ಕೇಬಲ್ ಮೂಲಕ ಸ್ವಿಚ್‌ಗೋ ರೂಟರ್‌ಗೋ ಸೇರಿರುತ್ತದೆ. ಮನೆಗಳಲ್ಲಿ ರೂಟರ್ ಎಂದು ಕರೆಯುವ ಪೆಟ್ಟಿಗೆಯಲ್ಲಿ ರೂಟರ್, ಸ್ವಿಚ್, ಆಕ್ಸೆಸ್ ಪಾಯಿಂಟ್ ಮೂರೂ ಒಟ್ಟಿಗಿರುತ್ತವೆ. ಫೈಬರ್ ಸಂಪರ್ಕವಿರುವಲ್ಲಿ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿಸುವ ಒಎನ್‌ಟಿಯೂ ಅದೇ ಪೆಟ್ಟಿಗೆಯಲ್ಲಿ ಇರುವುದುಂಟು. ಕಾಲೇಜು, ಕಚೇರಿ, ಆಸ್ಪತ್ರೆಗಳ ಚಾವಣಿಗೆ ಕೂರಿಸಿದ ತಟ್ಟೆಯಾಕಾರದ ಬಿಳಿ ಉಪಕರಣಗಳು ಸಾಮಾನ್ಯವಾಗಿ ಆಕ್ಸೆಸ್ ಪಾಯಿಂಟ್‌ಗಳು ಮಾತ್ರ. ರೂಟರ್ ಬೇರೆಡೆ ಇರುತ್ತದೆ.

ಕಾರ್ಖಾನೆಯಿಂದ ಹೊರಬೀಳುವ ಆಕ್ಸೆಸ್ ಪಾಯಿಂಟ್‌ಗೆ ತಾನು ಸೇರಲಿರುವ ಮನೆಯ ಗೋಡೆ ಇಟ್ಟಿಗೆಯದೋ ಕಲ್ಲಿನದೋ, ಪಕ್ಕದ ಮನೆಯವರ ವೈಫೈ ಯಾವ ಚಾನೆಲ್‌ನಲ್ಲಿದೆಯೋ ತಿಳಿದಿರುವುದಿಲ್ಲ. ಆ ಸ್ಥಳಕ್ಕೆ ತಕ್ಕಂತೆ ಅದನ್ನು ಸಜ್ಜುಗೊಳಿಸುವುದೇ ಸೆಟ್ಟಿಂಗ್ ಕೆಲಸ. ವೈಫೈ ಬಳಸುವ ತರಂಗಗಳನ್ನು ಪರವಾನಗಿಯಿಲ್ಲದೆ ಎಲ್ಲರೂ ಹಂಚಿಕೊಳ್ಳುತ್ತಾರೆ. ಹಾಗಾಗಿ ಒಬ್ಬರ ಮನೆಯ ಸೆಟ್ಟಿಂಗ್ ನೆರೆಯವರ ಸಂಪರ್ಕಕ್ಕೂ ತಟ್ಟುತ್ತದೆ. ಶಕ್ತಿ, ಚಾನೆಲ್‌ನ ಅಗಲ, ಜಾಲದ ಹೆಸರುಗಳ ಸಂಖ್ಯೆ ಎಲ್ಲವನ್ನೂ ಗರಿಷ್ಠಕ್ಕೆ ಏರಿಸಿದ ಮಾತ್ರಕ್ಕೆ ಜಾಲ ಚೆನ್ನಾಗಿ ನಡೆಯುವುದಿಲ್ಲ. ಎಷ್ಟು ಬೇಕೋ ಅಷ್ಟಕ್ಕೆ ನಿಲ್ಲಿಸುವುದು ಈ ಕೆಲಸದ ತಿರುಳು.

ಹಿನ್ನೆಲೆ

ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್ಸನ್ ಮತ್ತು ಸಂಗಡಿಗರು ರೂಪಿಸಿದ ಅಲೋಹಾನೆಟ್ 1971ರಲ್ಲಿ ದ್ವೀಪಗಳ ನಡುವೆ ರೇಡಿಯೊ ಮೂಲಕ ಕಂಪ್ಯೂಟರ್‌ಗಳನ್ನು ಬೆಸೆಯಿತು. 1985ರಲ್ಲಿ ಅಮೆರಿಕದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಉಪಕರಣಗಳಿಗೆಂದು ಮೀಸಲಿದ್ದ ತರಂಗಪಟ್ಟಿಗಳಲ್ಲಿ ಪರವಾನಗಿಯಿಲ್ಲದ ಸಂವಹನಕ್ಕೆ ಅವಕಾಶ ಕೊಟ್ಟಿತು. ಐಇಇಇ ಸಂಸ್ಥೆಯ 802.11 ಮಾನಕ 1997ರಲ್ಲಿ ಹೊರಬಂದಾಗ ಅದರ ವೇಗ ಸೆಕೆಂಡಿಗೆ 1 ಅಥವಾ 2 ಮೆಗಾಬಿಟ್ ಮಾತ್ರ. 1999ರ 802.11ಬಿ ಮಾನಕ 2.4 ಗಿಗಾಹರ್ಟ್ಸ್‌ನಲ್ಲಿ 11 ಮೆಗಾಬಿಟ್ ತಲುಪಿತು. ಅದೇ ವರ್ಷದ 802.11ಎ 5 ಗಿಗಾಹರ್ಟ್ಸ್‌ನಲ್ಲಿ 54 ಮೆಗಾಬಿಟ್ ಮುಟ್ಟಿತು. ಬೇರೆ ಬೇರೆ ಕಂಪನಿಗಳ ಉಪಕರಣಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡಲು 1999ರಲ್ಲೇ ಹುಟ್ಟಿದ ಒಕ್ಕೂಟ ಮುಂದೆ ವೈಫೈ ಅಲಯನ್ಸ್ ಎಂಬ ಹೆಸರು ಪಡೆಯಿತು.

ಬಳಿಕ 2003ರಲ್ಲಿ 802.11ಜಿ, 2009ರಲ್ಲಿ ಹಲವು ಆಂಟೆನಾಗಳನ್ನು ಏಕಕಾಲಕ್ಕೆ ದುಡಿಸುವ 802.11ಎನ್, 2013ರಲ್ಲಿ 802.11ಎಸಿ ಬಂದವು. ಈ ಅಕ್ಷರಗಳು ಜನರಿಗೆ ತೊಡಕೆನಿಸಿದ್ದರಿಂದ 2018ರಲ್ಲಿ ವೈಫೈ ಅಲಯನ್ಸ್ 802.11ಎನ್ ಅನ್ನು ವೈಫೈ 4, 802.11ಎಸಿಯನ್ನು ವೈಫೈ 5, ಅದರ ಮುಂದಿನ ಪೀಳಿಗೆಯನ್ನು ವೈಫೈ 6 ಎಂದು ಎಣಿಸತೊಡಗಿತು. ವೈಫೈ 6ರ ಪ್ರಮಾಣೀಕರಣ 2019ರಲ್ಲಿಯೂ ವೈಫೈ 7ರದು 2024ರ ಜನವರಿಯಲ್ಲಿಯೂ ಆರಂಭವಾಯಿತು. ಹೊಸ ಆಕ್ಸೆಸ್ ಪಾಯಿಂಟ್ ಹಳೆಯ ಫೋನ್‌ಗಳೊಂದಿಗೂ ವ್ಯವಹರಿಸಬಲ್ಲದು. ಆದರೆ ಆಗ ವೇಗ ಹಳೆಯ ಫೋನಿನದೇ.

ತರಂಗ ಮತ್ತು ಕಾನೂನು

ರೇಡಿಯೊಗೆ ಸಂಬಂಧಿಸಿದ ಸೆಟ್ಟಿಂಗ್‌ಗಳಲ್ಲಿ ಮೊದಲು ಸರಿಪಡಿಸಬೇಕಾದದ್ದು ದೇಶದ ಆಯ್ಕೆ. ಯಾವ ಚಾನೆಲ್‌ಗಳನ್ನು ಎಷ್ಟು ಶಕ್ತಿಯಲ್ಲಿ ಬಳಸಬಹುದು ಎಂಬುದನ್ನು ಉಪಕರಣ ಆ ಆಯ್ಕೆಯ ಮೇಲೆ ತೀರ್ಮಾನಿಸುತ್ತದೆ. ಭಾರತದಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ಅಲ್ಲಿ ಆಂಟೆನಾದ ಬಲವೂ ಸೇರಿ ಹೊರಸೂಸಬಹುದಾದ ಗರಿಷ್ಠ ಶಕ್ತಿ 4 ವಾಟ್. 5 ಗಿಗಾಹರ್ಟ್ಸ್ ಪಟ್ಟಿ ದೀರ್ಘಕಾಲ ಬಹುಮಟ್ಟಿಗೆ ಒಳಾಂಗಣ ಬಳಕೆಗೆ ಸೀಮಿತವಾಗಿತ್ತು. 2018ರ ಅಕ್ಟೋಬರ್‌ನ ಅಧಿಸೂಚನೆ 5150ರಿಂದ 5350, 5470ರಿಂದ 5875 ಮೆಗಾಹರ್ಟ್ಸ್‌ವರೆಗೆ ಒಟ್ಟು 605 ಮೆಗಾಹರ್ಟ್ಸ್‌ಗಳನ್ನು ತೆರೆಯಿತು. 6 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಅಮೆರಿಕ 2020ರಲ್ಲಿ 1200 ಮೆಗಾಹರ್ಟ್ಸ್‌ಗಳನ್ನು ವೈಫೈಗೆ ಬಿಟ್ಟುಕೊಟ್ಟಿತು. ಭಾರತದ ದೂರಸಂಪರ್ಕ ಇಲಾಖೆ ಅದರ ಕೆಳಭಾಗವಾದ 5925ರಿಂದ 6425 ಮೆಗಾಹರ್ಟ್ಸ್‌ಗಳನ್ನು ಕಡಿಮೆ ಶಕ್ತಿಯ ಬಳಕೆಗೆ ಮುಕ್ತಗೊಳಿಸುವ ಕರಡು ನಿಯಮಗಳನ್ನು 2025ರ ಮೇ ತಿಂಗಳಲ್ಲಿ ಪ್ರಕಟಿಸಿತು. ವಿದೇಶದಿಂದ ತಂದ ಉಪಕರಣದಲ್ಲಿ ದೇಶದ ಆಯ್ಕೆ ಬದಲಿಸದೆ ಬಳಸುವುದು ಈ ನಿಯಮಗಳನ್ನು ಮೀರಿದಂತಾಗಬಹುದು.

ಮೊದಲ ಪ್ರವೇಶ

ಹೊಸ ಉಪಕರಣವನ್ನು ಕೇಬಲ್ ಮೂಲಕ ಕಂಪ್ಯೂಟರಿಗೆ ಜೋಡಿಸಿ, ಬ್ರೌಸರಿನಲ್ಲಿ 192.168.0.1 ಅಥವಾ 192.168.1.1ರಂಥ ವಿಳಾಸ ಬರೆದರೆ ಸೆಟ್ಟಿಂಗ್ ಪುಟ ತೆರೆಯುತ್ತದೆ. ನಿಖರವಾದ ವಿಳಾಸ ಪೆಟ್ಟಿಗೆಯ ತಳದ ಚೀಟಿಯ ಮೇಲೆ ಇರುತ್ತದೆ. ಈಚಿನ ಉಪಕರಣಗಳನ್ನು ಫೋನಿನ ಆ್ಯಪ್ ಮೂಲಕವೂ ಹೊಂದಿಸಬಹುದು. ಇಲ್ಲಿ ಎರಡು ಪಾಸ್‌ವರ್ಡ್‌ಗಳಿವೆ ಎಂಬುದು ಬಹಳ ಜನರ ಗಮನಕ್ಕೆ ಬರುವುದಿಲ್ಲ. ಒಂದು ವೈಫೈ ಸೇರಲು, ಇನ್ನೊಂದು ಸೆಟ್ಟಿಂಗ್ ಪುಟದೊಳಕ್ಕೆ ಹೋಗಲು. ಎರಡನೆಯದನ್ನು ‘ಅಡ್ಮಿನ್’ ಎಂಬ ಕಾರ್ಖಾನೆಯ ಪದದಲ್ಲೇ ಬಿಟ್ಟರೆ ಜಾಲಕ್ಕೆ ಸೇರಿದ ಯಾರು ಬೇಕಾದರೂ ಇಡೀ ವ್ಯವಸ್ಥೆಯನ್ನು ಬದಲಿಸಬಹುದು.

ಇದು ಬರೀ ಊಹೆಯ ಭಯವಲ್ಲ. 2016ರಲ್ಲಿ ಹರಡಿದ ಮಿರಾಯ್ ಎಂಬ ದುಷ್ಟ ತಂತ್ರಾಂಶ ಕಾರ್ಖಾನೆಯ ಸುಮಾರು 60 ಹೆಸರು–ಪಾಸ್‌ವರ್ಡ್ ಜೋಡಿಗಳನ್ನು ಒಂದೊಂದಾಗಿ ಪ್ರಯತ್ನಿಸಿ, ಜಗತ್ತಿನಾದ್ಯಂತ ಕ್ಯಾಮೆರಾ, ರೂಟರ್‌ಗಳನ್ನು ವಶಪಡಿಸಿಕೊಂಡಿತು. ಅವುಗಳಿಂದ ಏಕಕಾಲಕ್ಕೆ ನಡೆಸಿದ ದಾಳಿಯಿಂದ ಆ ಅಕ್ಟೋಬರ್‌ನಲ್ಲಿ ಹಲವು ದೊಡ್ಡ ಜಾಲತಾಣಗಳು ತಾಸುಗಟ್ಟಲೆ ಸಿಗದಾದವು. ಆದ್ದರಿಂದ ಅಡ್ಮಿನ್ ಪಾಸ್‌ವರ್ಡ್ ಬದಲಿಸುವುದು, ಉಪಕರಣದೊಳಗಿನ ತಂತ್ರಾಂಶವಾದ ಫರ್ಮ್‌ವೇರನ್ನು ಅಪ್‌ಡೇಟ್ ಮಾಡುವುದು, ಇಂಟರ್‌ನೆಟ್ ಕಡೆಯಿಂದ ಸೆಟ್ಟಿಂಗ್ ಪುಟ ತೆರೆಯುವ ಸೌಲಭ್ಯವನ್ನು ಮುಚ್ಚುವುದು, ಈ ಮೂರೂ ಮುಗಿದ ಮೇಲೆಯೇ ಮಿಕ್ಕ ಕೆಲಸ.

ಜಾಲದ ಹೆಸರು

ಫೋನಿನ ಪಟ್ಟಿಯಲ್ಲಿ ಕಾಣುವ ವೈಫೈ ಹೆಸರಿಗೆ ಎಸ್‌ಎಸ್‌ಐಡಿ ಎನ್ನುತ್ತಾರೆ. ಮಾನಕದ ಪ್ರಕಾರ ಇದು ಹೆಚ್ಚೆಂದರೆ 32 ಬೈಟ್ ಉದ್ದವಿರಬಹುದು. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಯೂನಿಕೋಡ್ ಕನ್ನಡದಲ್ಲಿ ಪ್ರತಿ ಅಕ್ಷರಕ್ಕೂ, ಅದಕ್ಕೆ ಅಂಟಿದ ಗುಣಿತಚಿಹ್ನೆಗೂ, ಅರ್ಧಾಕ್ಷರ ಮಾಡುವ ಚಿಹ್ನೆಗೂ ತಲಾ 3 ಬೈಟ್ ಬೇಕು. ‘ಕರ್ನಾಟಕ’ ಎಂಬ ಹೆಸರೊಂದೇ 21 ಬೈಟ್ ತೆಗೆದುಕೊಳ್ಳುತ್ತದೆ. ಹಾಗಾಗಿ ಕನ್ನಡದಲ್ಲಿ ಹೆಸರಿಡುವವರು ಚಿಕ್ಕ ಹೆಸರನ್ನು ಆರಿಸಿಕೊಳ್ಳಬೇಕು. ಹಳೆಯ ಪ್ರಿಂಟರ್, ಟಿವಿಗಳಲ್ಲಿ ಅದು ಸರಿಯಾಗಿ ಮೂಡದಿರುವ ಸಾಧ್ಯತೆಯನ್ನೂ ನೆನಪಿಡಬೇಕು.

ಡಬ್ಲ್ಯುಪಿಎ2 ಎಂಬ ವೈಫೈ ಭದ್ರತಾ ವಿಧಾನದಲ್ಲಿ ಪಾಸ್‌ವರ್ಡ್ ಮತ್ತು ಜಾಲದ ಹೆಸರು ಎರಡನ್ನೂ ಬೆರೆಸಿ, 4096 ಸುತ್ತಿನ ಲೆಕ್ಕಾಚಾರದಿಂದ ಕೀಲಿ ತಯಾರಾಗುತ್ತದೆ. ಸಾವಿರಾರು ಮನೆಗಳಲ್ಲಿ ಒಂದೇ ಕಾರ್ಖಾನೆಯ ಹೆಸರು ಉಳಿದಿದ್ದರೆ, ಆ ಹೆಸರಿಗೆಂದೇ ಮೊದಲೇ ಲೆಕ್ಕ ಹಾಕಿಟ್ಟ ಪಟ್ಟಿಗಳಿಂದ ಪಾಸ್‌ವರ್ಡ್ ಊಹಿಸುವುದು ದಾಳಿಕೋರರಿಗೆ ಸುಲಭವಾಗುತ್ತದೆ. ಹೆಸರು ಬೇರೆಯಾಗಿರಲಿ, ಆದರೆ ಅದರಲ್ಲಿ ಮನೆಯ ಸಂಖ್ಯೆಯಾಗಲಿ ಫೋನ್ ನಂಬರಾಗಲಿ ಬೇಡ. ಹೆಸರನ್ನು ಅಡಗಿಸಿಡುವ ಆಯ್ಕೆಯಿಂದ ಭದ್ರತೆ ಹೆಚ್ಚುವುದಿಲ್ಲ. ಅಡಗಿದ ಜಾಲವನ್ನು ಹುಡುಕಲು ಫೋನ್ ತಾನೇ ಆ ಹೆಸರನ್ನು ಹೋದಲ್ಲೆಲ್ಲ ಕೂಗಬೇಕಾಗುತ್ತದೆ. ಹತ್ತಿರದಲ್ಲಿ ಆಲಿಸುವವರಿಗೆ ಅದು ಸಿಕ್ಕಿಬಿಡುತ್ತದೆ.

ಬ್ಯಾಂಡ್, ಚಾನೆಲ್, ಅಗಲ

2.4 ಗಿಗಾಹರ್ಟ್ಸ್ ಅಲೆ ಗೋಡೆಗಳನ್ನು ದಾಟಿ ದೂರ ಹೋಗುತ್ತದೆ, ಆದರೆ ಅಲ್ಲಿ ಜಾಗ ಕಡಿಮೆ. ಬ್ಲೂಟೂತ್ ಕೂಡ ಅದೇ ಪಟ್ಟಿಯಲ್ಲಿದೆ; ಮೈಕ್ರೋವೇವ್ ಒಲೆ ಉರಿಯುವಾಗ ಸೋರುವ ಅಲೆಯೂ 2.45 ಗಿಗಾಹರ್ಟ್ಸ್ ಆಸುಪಾಸಿನದೇ. ಈ ಪಟ್ಟಿಯಲ್ಲಿ ಚಾನೆಲ್‌ಗಳ ಕೇಂದ್ರಗಳು 5 ಮೆಗಾಹರ್ಟ್ಸ್ ಅಂತರದಲ್ಲಿವೆ. ಒಂದು ವೈಫೈ ಸಂಕೇತಕ್ಕೆ ಕನಿಷ್ಠ 20 ಮೆಗಾಹರ್ಟ್ಸ್ ಬೇಕು. ಆದ್ದರಿಂದ 1, 6, 11 ಈ ಮೂರು ಮಾತ್ರ ಒಂದರ ಮೇಲೊಂದು ಬೀಳದ ಚಾನೆಲ್‌ಗಳಾಗಿ ರೂಢಿಯಲ್ಲಿವೆ. ನೆರೆಯವರು 1 ಮತ್ತು 6ರಲ್ಲಿದ್ದಾರೆಂದು ನಡುವಿನ 3 ಅಥವಾ 4ನ್ನು ಆರಿಸುವುದು ತಪ್ಪು. ಒಂದೇ ಚಾನೆಲ್‌ನಲ್ಲಿರುವ ವೈಫೈಗಳು ಪರಸ್ಪರ ಆಲಿಸಿ, ಸರದಿಯಂತೆ ಮಾತಾಡುತ್ತವೆ. ಅರ್ಧಂಬರ್ಧ ಮೇಲೆ ಬಿದ್ದ ಚಾನೆಲ್‌ಗಳಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಬರೀ ಗದ್ದಲವಾಗಿ ಕೇಳಿಸುತ್ತದೆ. ಎರಡೂ ಜಾಲಗಳು ಕೆಡುತ್ತವೆ.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ. 36ರಿಂದ 48, 149ರಿಂದ 165 ಚಾನೆಲ್‌ಗಳನ್ನು ಹೆಚ್ಚಿನ ಉಪಕರಣಗಳು ಸುಲಭವಾಗಿ ಹಿಡಿಯುತ್ತವೆ. ನಡುವಿನ 52ರಿಂದ 144ರವರೆಗಿನ ಚಾನೆಲ್‌ಗಳ ಪಟ್ಟಿಯನ್ನು ಹವಾಮಾನ ರಾಡಾರ್ ಮೊದಲಾದವೂ ಬಳಸುತ್ತವೆ. ಅಮೆರಿಕ, ಯುರೋಪಿನಂಥ ಕಡೆಗಳ ನಿಯಮದಂತೆ ಆಕ್ಸೆಸ್ ಪಾಯಿಂಟ್ ಇಲ್ಲಿ ಕೆಲಸ ಶುರುಮಾಡುವ ಮೊದಲು ಕನಿಷ್ಠ 60 ಸೆಕೆಂಡ್ ಆಲಿಸಬೇಕು, ರಾಡಾರ್ ಕಂಡರೆ ಚಾನೆಲ್ ಬಿಟ್ಟುಕೊಡಬೇಕು. ವಿಮಾನ ನಿಲ್ದಾಣದ ಸಮೀಪದ ಊರುಗಳಲ್ಲಿ ವೈಫೈ ಆಗಾಗ ತಾನಾಗಿ ಚಾನೆಲ್ ಬದಲಿಸಲು ಇದೂ ಕಾರಣವಾಗಬಹುದು.

ಅಗಲ ಹೆಚ್ಚಿದರೆ ವೇಗ ಹೆಚ್ಚುತ್ತದೆ; ಆದರೆ ಅಷ್ಟೇ ಪ್ರಮಾಣದಲ್ಲಿ ಬೇರೆಯವರಿಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ. ಜೊತೆಗೆ ಅಗಲ ದ್ವಿಗುಣವಾದಾಗ ರಿಸೀವರ್ ಹೆಕ್ಕುವ ಗದ್ದಲವೂ ದ್ವಿಗುಣವಾಗುವುದರಿಂದ ಸಂಕೇತ ತಲುಪುವ ದೂರ ತಗ್ಗುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ 20 ಮೆಗಾಹರ್ಟ್ಸ್ ಮೀರಬಾರದು. 5 ಗಿಗಾಹರ್ಟ್ಸ್‌ನಲ್ಲಿ ಒಂಟಿ ಮನೆಗೆ 80 ಮೆಗಾಹರ್ಟ್ಸ್ ಸೂಕ್ತ. ಬೆಂಗಳೂರಿನ ಅಪಾರ್ಟ್‌ಮೆಂಟ್‌ನಂಥ ಕಡೆ, ಒಂದು ಕೋಣೆಯಿಂದ ಹತ್ತಾರು ಜಾಲಗಳು ಕಾಣುವಾಗ, 40 ಮೆಗಾಹರ್ಟ್ಸ್ ಹೆಚ್ಚು ಸ್ಥಿರವಾಗಿರುತ್ತದೆ. 160 ಮೆಗಾಹರ್ಟ್ಸ್ ಆಯ್ಕೆ ಪೆಟ್ಟಿಗೆಯ ಮೇಲಿನ ದೊಡ್ಡ ಅಂಕಿಯನ್ನು ಸಮರ್ಥಿಸುತ್ತದೆಯೇ ಹೊರತು ದಿನಬಳಕೆಯಲ್ಲಿ ಅದರ ಲಾಭ ಸಿಗುವ ಮನೆಗಳು ಕಡಿಮೆ.

ಜಾಗ ಮತ್ತು ಶಕ್ತಿ

ಯಾವ ಸೆಟ್ಟಿಂಗೂ ತಪ್ಪು ಜಾಗವನ್ನು ಸರಿಮಾಡಲಾರದು. ಫೈಬರ್ ಕೇಬಲ್ ಮನೆಯೊಳಕ್ಕೆ ಬರುವ ಮೂಲೆಯಲ್ಲೇ ರೂಟರನ್ನು ನೇತುಹಾಕುವ ರೂಢಿಯಿದೆ. ಅಲ್ಲಿಂದ ಅರ್ಧದಷ್ಟು ಸಂಕೇತ ಬೀದಿಗೆ ಹೋಗುತ್ತದೆ. ಮನೆಯ ನಡುಭಾಗದಲ್ಲಿ, ಆಳೆತ್ತರಕ್ಕಿಂತ ಮೇಲೆ, ಕಬ್ಬಿಣದ ಬೀರು, ದೊಡ್ಡ ಕನ್ನಡಿ, ನೀರಿನ ಟ್ಯಾಂಕುಗಳಿಂದ ದೂರ ಇಡುವುದು ಒಳ್ಳೆಯದು. ಲೋಹ ಅಲೆಯನ್ನು ತಿರುಗಿಸುತ್ತದೆ, ನೀರು ಹೀರುತ್ತದೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ತಾರಸಿ, ಕರಾವಳಿಯ ದಪ್ಪ ಕೆಂಪುಕಲ್ಲಿನ ಗೋಡೆ, ಬಯಲುಸೀಮೆಯ ಹಳೆಯ ಕಲ್ಲುಗೋಡೆ ಇವು 5 ಗಿಗಾಹರ್ಟ್ಸ್ ಅಲೆಯನ್ನು ಬಹಳ ಕುಗ್ಗಿಸುತ್ತವೆ. ಇಂಥ ಮನೆಗಳಲ್ಲಿ ಒಂದು ಬಲವಾದ ಉಪಕರಣಕ್ಕಿಂತ ಕೇಬಲ್ ಎಳೆದು ಕೂರಿಸಿದ ಎರಡು ಸಾಧಾರಣ ಉಪಕರಣಗಳು ಮೇಲು.

ಸಂಕೇತದ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. 20 ಡಿಬಿಎಂ ಎಂದರೆ 100 ಮಿಲಿವಾಟ್, 30 ಎಂದರೆ 1 ವಾಟ್. ಪ್ರತಿ 3 ಏರಿಕೆಗೆ ಶಕ್ತಿ ಸುಮಾರು ಎರಡು ಪಟ್ಟಾಗುತ್ತದೆ. ಫೋನಿನಲ್ಲಿ ಅಳೆದಾಗ ಋಣ 67 ಡಿಬಿಎಂ ಅಥವಾ ಅದಕ್ಕಿಂತ ಉತ್ತಮವಾಗಿದ್ದರೆ ವೈಫೈ ಕರೆ, ವಿಡಿಯೊ ಸಭೆಗಳು ತಡೆಯಿಲ್ಲದೆ ನಡೆಯುತ್ತವೆ; ಋಣ 80ರ ಆಚೆ ಸಂಪರ್ಕ ಹೆಸರಿಗಷ್ಟೇ. ಹಾಗೆಂದು ಆಕ್ಸೆಸ್ ಪಾಯಿಂಟ್‌ನ ಶಕ್ತಿಯನ್ನು ತುದಿಗೆ ಏರಿಸಿದರೆ ಫಲವಿಲ್ಲ. ಅದರ ಮಾತು ದೂರದ ಫೋನಿಗೆ ಕೇಳಿಸುತ್ತದೆ, ಆದರೆ ಫೋನಿನ ಸಣ್ಣ ಆಂಟೆನಾದ ಉತ್ತರ ಹಿಂದಕ್ಕೆ ತಲುಪುವುದಿಲ್ಲ. ಫೋನಿನಲ್ಲಿ ಪೂರ್ತಿ ಗೆರೆಗಳು ಕಂಡರೂ ಪುಟ ತೆರೆಯದಿರಲು ಇದೊಂದು ಕಾರಣ. ಮೇಲಾಗಿ, ಮದುವೆ ಮನೆಯಲ್ಲಿ ಒಬ್ಬರು ದನಿ ಏರಿಸಿದರೆ ಪಕ್ಕದವರೂ ಏರಿಸುವಂತೆ, ಒಂದು ಮನೆಯ ಗರಿಷ್ಠ ಶಕ್ತಿ ಇಡೀ ಕಟ್ಟಡದ ಗದ್ದಲವನ್ನು ಹೆಚ್ಚಿಸುತ್ತದೆ. 2.4 ಗಿಗಾಹರ್ಟ್ಸ್‌ನ ಶಕ್ತಿಯನ್ನು 5 ಗಿಗಾಹರ್ಟ್ಸ್‌ಗಿಂತ ಕೊಂಚ ಕೆಳಗಿಟ್ಟರೆ ಫೋನ್‌ಗಳು ತಾವಾಗಿ ವೇಗದ ಬ್ಯಾಂಡಿನತ್ತ ವಾಲುತ್ತವೆ.

ಭದ್ರತೆ

ಮೊದಲ ಮಾನಕದೊಂದಿಗೇ ಬಂದ ಡಬ್ಲ್ಯುಇಪಿ ಎಂಬ ಗೂಢಲಿಪಿ ವಿಧಾನ ಬಹುಬೇಗ ಸೋತಿತು. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಎಂಬ ಮೂವರು ಅದರ ಆರ್‌ಸಿ4 ಲೆಕ್ಕಾಚಾರದ ದೌರ್ಬಲ್ಯವನ್ನು ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ ಸಾಧಾರಣ ಲ್ಯಾಪ್‌ಟಾಪಿನಿಂದ ನಿಮಿಷಗಳಲ್ಲಿ ಅದನ್ನು ಒಡೆಯುವುದು ಸಾಧ್ಯವಾಯಿತು. 2003ರಲ್ಲಿ ತಾತ್ಕಾಲಿಕ ಪರಿಹಾರವಾಗಿ ಡಬ್ಲ್ಯುಪಿಎ, 2004ರಲ್ಲಿ ಎಇಎಸ್ ಗೂಢಲಿಪಿ ಬಳಸುವ ಡಬ್ಲ್ಯುಪಿಎ2 ಬಂದವು. 2017ರಲ್ಲಿ ಬೆಲ್ಜಿಯಂನ ಮ್ಯಾಥಿ ವಾನ್‌ಹೂಫ್ ಪ್ರಕಟಿಸಿದ ‘ಕ್ರ್ಯಾಕ್’ ದಾಳಿ ಡಬ್ಲ್ಯುಪಿಎ2ರ ಕೀಲಿ ವಿನಿಮಯದ ದೋಷವನ್ನು ಬಯಲಿಗೆ ತಂದಿತು; ಅಪ್‌ಡೇಟ್ ಪಡೆದ ಉಪಕರಣಗಳಲ್ಲಿ ಅದನ್ನು ಮುಚ್ಚಲಾಗಿದೆ. 2018ರ ಡಬ್ಲ್ಯುಪಿಎ3, ಗಾಳಿಯಲ್ಲಿ ಹಿಡಿದ ಸಂಕೇತವನ್ನು ಮನೆಗೆ ಒಯ್ದು ಲಕ್ಷಾಂತರ ಪಾಸ್‌ವರ್ಡ್‌ಗಳನ್ನು ಪ್ರಯತ್ನಿಸುವ ದಾರಿಯನ್ನೇ ಕಟ್ಟಿಹಾಕಿತು.

ಎಲ್ಲ ಸಾಧನಗಳೂ ಹೊಸವಾದರೆ ಡಬ್ಲ್ಯುಪಿಎ3 ಮಾತ್ರ ಇಡಬೇಕು. ಹಳೆಯವೂ ಇದ್ದರೆ ಡಬ್ಲ್ಯುಪಿಎ2 ಮತ್ತು 3 ಬೆರೆತ ಆಯ್ಕೆ ಸರಿ. ಡಬ್ಲ್ಯುಇಪಿ ಮತ್ತು ಮೊದಲ ಡಬ್ಲ್ಯುಪಿಎ ಎಂದಿಗೂ ಬೇಡ. ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಉದ್ದವೇ ಅದರ ಬಲ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಪೋಣಿಸಿದರೆ ನೆನಪಿಡಲೂ ಸುಲಭ, ಊಹಿಸಲೂ ಕಷ್ಟ. ಮೊಬೈಲ್ ಸಂಖ್ಯೆಯನ್ನು ಪಾಸ್‌ವರ್ಡ್ ಮಾಡುವ ಅಭ್ಯಾಸ ಅಪಾಯಕಾರಿ. ಹತ್ತು ಅಂಕಿಗಳ ಎಲ್ಲ ಜೋಡಣೆಗಳನ್ನೂ ಕಂಪ್ಯೂಟರ್ ಪ್ರಯತ್ನಿಸಿ ಮುಗಿಸಬಲ್ಲದು.

ಗುಂಡಿ ಒತ್ತಿ ಅಥವಾ 8 ಅಂಕಿಯ ಪಿನ್ ಹಾಕಿ ಜಾಲ ಸೇರುವ ಡಬ್ಲ್ಯುಪಿಎಸ್ ಸೌಲಭ್ಯದಲ್ಲಿ 2011ರಲ್ಲಿ ಗಂಭೀರ ದೋಷ ಕಂಡುಬಂತು. ಪಿನ್‌ನ ಎರಡು ಭಾಗಗಳನ್ನು ಉಪಕರಣ ಬೇರೆಬೇರೆಯಾಗಿ ಪರಿಶೀಲಿಸುತ್ತದೆ, ಕೊನೆಯ ಅಂಕಿ ಬರೀ ತಾಳೆಯಂಕಿ. ಹಾಗಾಗಿ ಹೆಚ್ಚೆಂದರೆ 11,000 ಪ್ರಯತ್ನಗಳಲ್ಲಿ ಪಿನ್ ಸಿಕ್ಕಿಬಿಡುತ್ತದೆ. ಈ ಪಿನ್ ಸೌಲಭ್ಯವನ್ನು ನಿಲ್ಲಿಸಿಡಬೇಕು. ಸಾಧನಗಳ ಗುರುತುಸಂಖ್ಯೆಯಾದ ಮ್ಯಾಕ್ ವಿಳಾಸದ ಪಟ್ಟಿ ಮಾಡಿ ಅವಕ್ಕೆ ಮಾತ್ರ ಪ್ರವೇಶ ಕೊಡುವ ಕ್ರಮ ಈಗ ಉಪಯೋಗಕ್ಕಿಂತ ತೊಂದರೆಯೇ ಹೆಚ್ಚು. ಆ ವಿಳಾಸವನ್ನು ನಕಲು ಮಾಡುವುದು ಸುಲಭ. ಈಚಿನ ಫೋನ್‌ಗಳು ಬಳಕೆದಾರರ ಗೋಪ್ಯತೆಗಾಗಿ ತಮ್ಮ ನಿಜ ವಿಳಾಸವನ್ನು ಮರೆಮಾಡುತ್ತವೆ.

ಪಾಸ್‌ವರ್ಡ್ ಇಲ್ಲದ ವೈಫೈ ಎಂಥ ಸಂಕಟ ತರಬಲ್ಲದು ಎಂಬುದನ್ನು ಭಾರತ 2008ರಲ್ಲಿ ಕಂಡಿತು. ಅಹಮದಾಬಾದ್ ಸ್ಫೋಟಗಳ ಹೊಣೆ ಹೊತ್ತ ಇಮೇಲ್ ನವಿ ಮುಂಬೈಯ ಮನೆಯೊಂದರ ಅಸುರಕ್ಷಿತ ವೈಫೈ ಮೂಲಕ ಹೋಗಿತ್ತು. ತನಿಖೆ ಮೊದಲು ಆ ಮನೆಯ ಬಾಗಿಲಿಗೇ ಬಂದಿತು. ಮರುವರ್ಷ ದೂರಸಂಪರ್ಕ ಇಲಾಖೆ ವೈಫೈ ಸುರಕ್ಷಿತ ಬಳಕೆಯ ಬಗ್ಗೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆ ಹೊರಡಿಸಿತು.

ಅತಿಥಿ ಜಾಲ ಮತ್ತು ಸಂಸ್ಥೆಗಳ ವ್ಯವಸ್ಥೆ

ಬಂದುಹೋಗುವವರಿಗೆ ಗೆಸ್ಟ್ ಜಾಲವನ್ನು ಬೇರೆ ಹೆಸರಿನಲ್ಲಿ ತೆರೆದರೆ ಅವರಿಗೆ ಇಂಟರ್‌ನೆಟ್ ಸಿಗುತ್ತದೆ, ಮನೆಯ ಕಂಪ್ಯೂಟರ್ ಕಾಣುವುದಿಲ್ಲ. ಅಪ್‌ಡೇಟ್ ಅಪರೂಪವಾಗಿ ಸಿಗುವ ಕ್ಯಾಮೆರಾ, ಸ್ಮಾರ್ಟ್ ಬಲ್ಬುಗಳನ್ನೂ ಹೀಗೆ ಪ್ರತ್ಯೇಕ ಜಾಲದಲ್ಲಿ ಇಡುವುದು ಸುರಕ್ಷಿತ. ಆದರೆ ಪ್ರತಿ ಹೆಸರಿಗೂ ಆಕ್ಸೆಸ್ ಪಾಯಿಂಟ್ ಸೆಕೆಂಡಿಗೆ ಸುಮಾರು 10 ಬಾರಿ ತನ್ನ ಇರವನ್ನು ಸಾರಬೇಕಾಗುತ್ತದೆ. ಇದು ನಿಧಾನಗತಿಯಲ್ಲಿ ನಡೆಯುವುದರಿಂದ ಗಾಳಿಯ ಸಮಯ ತಿನ್ನುತ್ತದೆ. ಮೂರು ನಾಲ್ಕಕ್ಕಿಂತ ಹೆಚ್ಚು ಹೆಸರುಗಳು ಬೇಡ.

ಸಂಸ್ಥೆಗಳಲ್ಲಿ ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟರೆ ಒಬ್ಬರು ಕೆಲಸ ಬಿಟ್ಟಾಗ ಎಲ್ಲರದನ್ನೂ ಬದಲಿಸಬೇಕಾಗುತ್ತದೆ. ಅದಕ್ಕಾಗಿ 802.1ಎಕ್ಸ್ ಮಾನಕದಂತೆ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇರುತ್ತದೆ. ರೇಡಿಯಸ್ ಸರ್ವರ್ ಅದನ್ನು ಪರಿಶೀಲಿಸುತ್ತದೆ. ಒಂದು ವಿಶ್ವವಿದ್ಯಾಲಯದ ಖಾತೆಯಿಂದ ಇನ್ನೊಂದರ ವೈಫೈ ಬಳಸಲು ಬಿಡುವ ಎಜುರೋಮ್ ಈ ತತ್ತ್ವದ ಮೇಲೆಯೇ ನಿಂತಿದೆ. ಭಾರತದಲ್ಲಿ ಅದರ ಹೊಣೆ ಅರ್ನೆಟ್ ಸಂಸ್ಥೆಯದು.

ಎರಡನೆಯ ಆಕ್ಸೆಸ್ ಪಾಯಿಂಟ್ ಸೇರಿಸುವಾಗ

ಹಳೆಯ ರೂಟರನ್ನು ಮಹಡಿಯ ಮೇಲೆ ಆಕ್ಸೆಸ್ ಪಾಯಿಂಟ್ ಆಗಿ ಬಳಸುವುದು ಮಿತವ್ಯಯದ ದಾರಿ. ಇದರಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ವಿಳಾಸದ್ದು. ಸಾಧನಗಳಿಗೆ ಐಪಿ ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನು ಮುಖ್ಯ ರೂಟರ್ ಒಂದೇ ಮಾಡಬೇಕು. ಎರಡನೆಯದರಲ್ಲಿ ಅದನ್ನು ನಿಲ್ಲಿಸಬೇಕು. ಮುಖ್ಯ ರೂಟರ್ 192.168.1.1 ಆಗಿದ್ದರೆ ಎರಡನೆಯದಕ್ಕೆ ಹಂಚಿಕೆಯ ಪಟ್ಟಿಯಿಂದ ಹೊರಗಿನ 192.168.1.2ರಂಥ ಸ್ಥಿರ ವಿಳಾಸ ಕೊಟ್ಟು, ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಸಿಕ್ಕಿಸಬೇಕು. ಆಕ್ಸೆಸ್ ಪಾಯಿಂಟ್ ಮೋಡ್ ಎಂಬ ಆಯ್ಕೆಯಿದ್ದರೆ ಇವೆಲ್ಲ ಒಂದೇ ಹೆಜ್ಜೆಯಲ್ಲಿ ಮುಗಿಯುತ್ತವೆ.

ಎರಡಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್, ಒಂದೇ ಭದ್ರತಾ ವಿಧಾನ ಇಟ್ಟು, ಚಾನೆಲ್ ಮಾತ್ರ ಬೇರೆ ಮಾಡಬೇಕು. ಒಂದರಿಂದ ಇನ್ನೊಂದಕ್ಕೆ ದಾಟುವ ನಿರ್ಧಾರ ಫೋನಿನದು, 802.11ಕೆ, ವಿ, ಆರ್ ಎಂಬ ಸೌಲಭ್ಯಗಳು ಆ ದಾಟುವಿಕೆಗೆ ನೆರವಾಗುತ್ತವೆ. ಕೇಬಲ್ ಎಳೆಯಲಾಗದ ಕಡೆ ಮೆಶ್ ಉಪಕರಣಗಳು ರೇಡಿಯೊ ಮೂಲಕವೇ ಒಂದಕ್ಕೊಂದು ಬೆಸೆಯುತ್ತವೆ. ಒಂದೇ ರೇಡಿಯೊ ಫೋನಿನೊಡನೆಯೂ ಇನ್ನೊಂದು ಮೆಶ್ ಉಪಕರಣದೊಡನೆಯೂ ಮಾತಾಡಬೇಕಾದಾಗ ವೇಗ ಸುಮಾರು ಅರ್ಧಕ್ಕಿಳಿಯುತ್ತದೆ. ಚಾವಣಿಯ ಆಕ್ಸೆಸ್ ಪಾಯಿಂಟ್‌ಗಳಿಗೆ ವಿದ್ಯುತ್ತನ್ನೂ ಈಥರ್ನೆಟ್ ಕೇಬಲಿನಲ್ಲೇ ಕೊಡುವ ಪಿಒಇ ವಿಧಾನವಿದೆ. 2003ರ ಮಾನಕದಲ್ಲಿ ಸ್ವಿಚ್ ಪ್ರತಿ ಪೋರ್ಟಿಗೆ 15.4 ವಾಟ್ ಕೊಟ್ಟರೆ 2009ರ ಮಾನಕದಲ್ಲಿ 30 ವಾಟ್ ಕೊಡುತ್ತದೆ.

ಸಾರ್ವಜನಿಕ ವೈಫೈ

ಬೆಂಗಳೂರಿನ ಎಂ.ಜಿ. ರಸ್ತೆ ಮೊದಲಾದ ಕಡೆ 2014ರ ಜನವರಿಯಲ್ಲಿ ‘ನಮ್ಮ ವೈಫೈ’ ಹೆಸರಿನ ಉಚಿತ ಸೇವೆ ಆರಂಭವಾಗಿತ್ತು. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿದ ಪಿಎಂ ವಾಣಿ ಯೋಜನೆಯಡಿ ಕಿರಾಣಿ ಅಂಗಡಿ, ಚಹಾ ಅಂಗಡಿಗಳೂ ಪರವಾನಗಿ ಶುಲ್ಕವಿಲ್ಲದೆ ಸಾರ್ವಜನಿಕ ದತ್ತಾಂಶ ಕಚೇರಿಗಳಾಗಿ ವೈಫೈ ಮಾರಬಹುದು. ಇಂಥ ಕಡೆ ಒಬ್ಬ ಗ್ರಾಹಕರ ಸಾಧನ ಇನ್ನೊಬ್ಬರದಕ್ಕೆ ಕಾಣದಂತೆ ಮಾಡುವ ಕ್ಲೈಂಟ್ ಐಸೋಲೇಷನ್ ಆಯ್ಕೆಯನ್ನು ಕಡ್ಡಾಯವಾಗಿ ಹಾಕಬೇಕು.

ಉಸ್ತುವಾರಿ

ಸೆಟ್ಟಿಂಗ್ ಮುಗಿದ ಮೇಲೆ ಅದರ ಬ್ಯಾಕಪ್ ಕಡತವನ್ನು ಉಳಿಸಿಟ್ಟುಕೊಳ್ಳಬೇಕು. ಪಾಸ್‌ವರ್ಡ್ ಮರೆತರೆ ಉಪಕರಣದ ಸಣ್ಣ ರಂಧ್ರದ ರೀಸೆಟ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿಹಿಡಿದರೆ ಎಲ್ಲವೂ ಕಾರ್ಖಾನೆಯ ಸ್ಥಿತಿಗೆ ಮರಳುತ್ತವೆ. ಆಗ ಕಾರ್ಖಾನೆಯ ಪಾಸ್‌ವರ್ಡ್ ಕೂಡ ಮರಳುತ್ತದೆ ಎಂಬುದು ನೆನಪಿರಲಿ. ಕರೆಂಟು ಪದೇಪದೇ ಹೋಗುವ ಊರುಗಳಲ್ಲಿ ರೂಟರ್ ಮತ್ತು ಒಎನ್‌ಟಿ ಎರಡಕ್ಕೂ ಸಣ್ಣ ಯುಪಿಎಸ್ ಬೇಕು; ಒಂದಕ್ಕೆ ಮಾತ್ರ ಕೊಟ್ಟರೆ ಪ್ರಯೋಜನವಿಲ್ಲ. ತಯಾರಕರು ಅಪ್‌ಡೇಟ್ ನಿಲ್ಲಿಸಿದ ಉಪಕರಣ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಬದಲಿಸುವ ಕಾಲ ಬಂದಿದೆ ಎಂದೇ ತಿಳಿಯಬೇಕು. ತಿಳಿದವರು ಹಲವು ಮಾದರಿಗಳಿಗೆ ಓಪನ್‌ಡಬ್ಲ್ಯುಆರ್‌ಟಿ ಎಂಬ ಮುಕ್ತ ತಂತ್ರಾಂಶ ಹಾಕಿ ಆಯುಸ್ಸು ಹೆಚ್ಚಿಸುತ್ತಾರೆ.

ಆಕ್ಸೆಸ್ ಪಾಯಿಂಟ್‌ನ ಪುಟಗಳಲ್ಲಿ ನೂರಾರು ಆಯ್ಕೆಗಳಿದ್ದರೂ ಒಂದು ಮನೆಯ ಜಾಲವನ್ನು ನಿರ್ಧರಿಸುವವು ಐದಾರು ಮಾತ್ರ: ಸರಿಯಾದ ಜಾಗ, ಬದಲಿಸಿದ ಅಡ್ಮಿನ್ ಪಾಸ್‌ವರ್ಡ್, ಉದ್ದನೆಯ ವೈಫೈ ಪಾಸ್‌ವರ್ಡ್ ಜೊತೆಗೆ ಡಬ್ಲ್ಯುಪಿಎ2 ಅಥವಾ 3, ನೆರೆಯವರನ್ನು ನೋಡಿ ಆರಿಸಿದ ಚಾನೆಲ್, ಮಿತವಾದ ಅಗಲ ಮತ್ತು ಶಕ್ತಿ, ಕಾಲಕಾಲಕ್ಕೆ ಫರ್ಮ್‌ವೇರ್. ಇಷ್ಟನ್ನು ಒಂದು ಬಿಡುವಿನ ಮಧ್ಯಾಹ್ನದಲ್ಲಿ ಯಾರಾದರೂ ಮಾಡಿಕೊಳ್ಳಬಹುದು. ಹೆಚ್ಚು ವೇಗದ ಯೋಜನೆಗೆ ಹಣ ಕಟ್ಟುವ ಮೊದಲು ಪ್ರತಿ ಮನೆಯವರೂ ಇದನ್ನು ಒಮ್ಮೆ ಮಾಡಿ ನೋಡುವುದು ಒಳಿತು.